ಸುರಪುರದ ಮನೆಯಲ್ಲಿ ರೂನುವಿನ ಅಪ್ಪನಿಗಾಗಿ ಕೂತ ಮಧ್ಯಾಹ್ನ

ಫೋನ್ ಬಂದಾಗ ನಾವೆಲ್ಲ ಒಂದೇ ಮೇಜಿನ ಸುತ್ತ ಕೂತು ಬೇರೆ ಬೇರೆ ಊರಿನ ಕಂಪನಿಗಳಿಗೆ ಕೆಲಸ ಮಾಡುತ್ತಿದ್ದೆವು.

ರೂನು ಎದ್ದು ಗೋಡೆಯ ಕಡೆ ಮುಖ ಮಾಡಿ ಅಸ್ಸಾಮಿಯಲ್ಲಿ ಎರಡು ಮಾತಾಡಿದಳು. ವಾಪಸ್ ಬಂದು ಕೂತು, ಅರ್ಧ ಟೈಪ್ ಮಾಡಿದ್ದ ಮೇಲ್ ಮುಗಿಸಿ ಕಳಿಸಿದಳು.

ಆಮೇಲೆ ಹಿಂದಿಯಲ್ಲಿ ಹೇಳಿದಳು, ಅಪ್ಪ ಹೋದರಂತೆ...

ನಾವು ಏಳು ಜನ. ವರ್ಕ್ ಫ್ರಮ್ ಹೋಮ್ ಮಾಡುವವರನ್ನು ಗುಂಪು ಕಟ್ಟಿ, ಒಂದೊಂದು ತಿಂಗಳು ಒಂದೊಂದು ಊರಿನಲ್ಲಿ ಇರಿಸುವ ಪ್ರೋಗ್ರಾಂ ಅದು. ಮನೆ, ಊಟ, ವೈಫೈ ಅವರದು. ಬಿಡುವಾದಾಗ ಸುತ್ತಾಟ. ಈ ಸಲ ಸುರಪುರದ ಹಳೇ ಕಲ್ಲಿನ ಮನೆ.

ನಾನು ತುಮಕೂರಿನವಳು, ತರಬೇತಿ ವೀಡಿಯೊಗಳಿಗೆ ಸಬ್‌ಟೈಟಲ್ ಬರೆಯುವ ಕೆಲಸ. ರೂನು ಬ್ರಹ್ಮಪುತ್ರದ ದಂಡೆಯ ಒಂದು ಸಣ್ಣ ಊರಿನವಳು, ಯಾವುದೋ ಕಂಪನಿಯ ಅಕೌಂಟ್ಸ್ ನೋಡುತ್ತಿದ್ದಳು. ನಮ್ಮ ಪರಿಚಯ ಹೆಚ್ಚೂಕಡಿಮೆ ಅಷ್ಟೇ... ಯಾರದು ಯಾವ ಶಿಫ್ಟ್, ಯಾರಿಗೆ ಕಾಫಿಗೆ ಸಕ್ಕರೆ ಬೇಡ, ಅಂಥದ್ದು.

ಹೋಗುವುದು ಹೇಗೆ ಅಂತ ಎಲ್ಲರೂ ಫೋನ್ ಹಿಡಿದು ಹುಡುಕಿದೆವು. ಯಾದಗಿರಿಯಿಂದ ರೈಲು, ಹೈದರಾಬಾದಿನಿಂದ ವಿಮಾನ, ಆಮೇಲೆ ಬಸ್ಸು. ಏನು ಮಾಡಿದರೂ ಮರುದಿನ ರಾತ್ರಿಯೇ. ಬಿಸಿಲು ಜೋರಾಗಿದೆ, ಅಲ್ಲಿಯವರೆಗೆ ಇಡೋಕಾಗಲ್ಲ ಅಂದರಂತೆ ಅವಳ ಅಣ್ಣ. ವೀಡಿಯೊ ಕಾಲ್ ಮಾಡ್ತೀನಿ, ನೋಡು ಅಂದರಂತೆ.

ಕಾಲ್ ಬಂತು. ಆ ದಪ್ಪ ಗೋಡೆಗಳೊಳಗೆ ಮೊಬೈಲ್ ಇಂಟರ್ನೆಟ್ ಸಿಗುವುದಿಲ್ಲ, ಎಲ್ಲರಿಗೂ ಇರುವುದು ಒಂದೇ ವೈಫೈ, ಎಲ್ಲರೂ ಬಳಸಿದರೆ ನಿಧಾನ. ಚಿತ್ರ ನಿಲ್ಲುತ್ತಿತ್ತು, ಮತ್ತೆ ಎರಡು ಕ್ಷಣ ಓಡುತ್ತಿತ್ತು. ಬಿದಿರಿನ ಚಟ್ಟ ಕಂಡಿತು. ಮುಖ ಕಾಣುವಷ್ಟರಲ್ಲಿ ಮತ್ತೆ ನಿಂತಿತು.

ರೂನು ಫೋನನ್ನು ಸುಮ್ಮನೆ ಆ ಕಡೆ ಈ ಕಡೆ ಹಿಡಿಯುತ್ತಿದ್ದಳು.

ಮೂಲೆಯಲ್ಲಿ ಪುಣೆಯ ವಿವೇಕ್ ಇಂಟರ್‌ವ್ಯೂನಲ್ಲಿದ್ದ. ಹೊಸ ಕೆಲಸದ ಕೊನೇ ಸುತ್ತು. ಅದಕ್ಕಾಗಿ ಎಷ್ಟು ಓದಿಕೊಂಡಿದ್ದ ಅಂತ ನಮಗೆಲ್ಲ ಗೊತ್ತಿತ್ತು. ಅವನು ತಲೆಯೆತ್ತಿ ಅವಳನ್ನು ನೋಡಿದ. ಇಂಟರ್‌ವ್ಯೂ ಮಾಡುತ್ತಿದ್ದವರಿಗೆ ಸಾರಿ, ನಾನು ಹೋಗಬೇಕು ಅಂದು ಲ್ಯಾಪ್‌ಟಾಪ್ ಮುಚ್ಚಿಬಿಟ್ಟ.

ನಾನೂ ನನ್ನದನ್ನು ಮುಚ್ಚಿದೆ. ಒಬ್ಬೊಬ್ಬರಾಗಿ ಎಲ್ಲರೂ ಮುಚ್ಚಿದರು, ಫೋನುಗಳನ್ನೂ ಆಫ್ ಮಾಡಿದರು.

ಚಿತ್ರ ಸರಿಯಾಯಿತು.

ಮನೆಯಿಂದ ನದಿಯವರೆಗೆ ಅವಳು ಫೋನಿನಲ್ಲೇ ಅಪ್ಪನ ಜೊತೆ ಹೋದಳು. ನಾವು ಅವಳ ಹಿಂದೆ ನಿಂತಿದ್ದೆವು. ಬೆಂಕಿ ಕಂಡಾಗಲೂ ಅವಳು ಅಳಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಸದ್ದು ನಿಂತಿತ್ತು. ಮನೆಯ ಒಡತಿ ಶರಣಮ್ಮ ಮುಂದಿನ ಭಾಗದಲ್ಲೇ ಇರುವವರು, ನಮಗೆ ರೊಟ್ಟಿ ಬಡಿಯುತ್ತಿದ್ದವರು. ಒಲೆ ಆರಿಸಿ, ಕೈ ತೊಳೆದುಕೊಂಡು ಹೊರಗೆ ಬಂದರು.

"ಇವತ್ತ ಒಲಿ ಹಚ್ಚಂಗಿಲ್ಲ. ಮನ್ಯಾಗ ಸಾವಾಗ್ಯಾದ," ಅಂದರು.

ಪ್ರೋಗ್ರಾಂ ನಡೆಸುವ ಕಾರ್ತಿಕ್ ಪಾಪ, ಮೆತ್ತಗೆ ವಿವರಿಸಲು ನೋಡಿದ. ಸಾವಾಗಿದ್ದು ಅಸ್ಸಾಮಿನಲ್ಲಿ, ಸಂಜೆಗೆ ಶಿರವಾಳದ ಗುಡಿಗಳನ್ನು ನೋಡಲು ಟೆಂಪೊ ಬೇರೆ ಹೇಳಿಯಾಗಿದೆ ಅಂದ.

"ಮಗಳು ಇಲ್ಲೇ ಅದಾಳಲ್ರಿ," ಅಂದರು ಶರಣಮ್ಮ.

ಕಾರ್ತಿಕ್ ಹೊರಗೆ ಹೋಗಿ ಟೆಂಪೊ ಬೇಡ ಅಂತ ಹೇಳಿ ಬಂದ.

ಸ್ವಲ್ಪ ಹೊತ್ತಿಗೆ ಓಣಿಯ ಹೆಂಗಸರು ಬಂದರು. ಯಾರು ಹೇಳಿದರೋ ಗೊತ್ತಿಲ್ಲ. ಚಪ್ಪಲಿ ಬಿಟ್ಟು, ಸೆರಗು ಹೊದ್ದು, ರೂನುವಿನ ಸುತ್ತ ನೆಲದ ಮೇಲೆ ಕೂತರು.

ಆಮೇಲೆ ಒಬ್ಬ ಮುದುಕಿ ಕೇಳಿದರು, "ಅಪ್ಪಾರ ಹೆಸರೇನವ್ವಾ?"

ನಾನು ನಡುವೆ ಕೂತು ಹಿಂದಿಗೆ ತಿರುಗಿಸಿದೆ. ಹೋಮೇಶ್ವರ ಅಂದಳು ರೂನು. ಈಶ್ವರನ ಹೆಸರೇ ಅಂತ ಹೆಂಗಸರು ತಮ್ಮತಮ್ಮಲ್ಲೇ ಹೇಳಿಕೊಂಡರು.

ಏನು ಮಾಡುತ್ತಿದ್ದರು, ಏನು ಇಷ್ಟಪಟ್ಟು ಉಣ್ಣುತ್ತಿದ್ದರು, ಸಿಟ್ಟು ಬರುತ್ತಿತ್ತಾ... ಹೀಗೆ ಕೇಳುತ್ತಾ ಹೋದರು. ರೂನು ಒಂದೊಂದಾಗಿ ಹೇಳಿದಳು. ದೋಣಿಕಟ್ಟೆಯಲ್ಲಿ ಟಿಕೆಟ್ ಕೊಡುತ್ತಿದ್ದರು. ಮಂಜು ಕವಿದ ದಿನ ದೋಣಿಗಳಿಗೆ ದಂಡೆ ಗೊತ್ತಾಗಲಿ ಅಂತ ಗಂಟೆ ಬಾರಿಸುತ್ತಿದ್ದರು.

ವೀಡಿಯೊ ಕಾಲ್ ಮಾಡುವುದು ಮಾತ್ರ ಅವರಿಗೆ ಕೊನೆವರೆಗೂ ಬರಲಿಲ್ಲವಂತೆ. ಆಗಲೂ ಫೋನನ್ನು ಕಿವಿಗೇ ಒತ್ತಿಕೊಳ್ಳುತ್ತಿದ್ದರು. "ಊರು ಬಿಟ್ಟಾಗಿನಿಂದ ನಾನು ನೋಡ್ತಾ ಇದ್ದಿದ್ದು ಅವರ ಕಿವಿ ಮಾತ್ರ," ಅಂದಳು.

ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಹೆಂಗಸರಿಗೆ ನಗು ಬಂತು. ಅವರನ್ನು ನೋಡಿ ರೂನುವೂ ನಕ್ಕಳು. ನಗುತ್ತಿದ್ದವಳು ಹಾಗೇ ಬಾಗಿ, ಶರಣಮ್ಮನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಅವತ್ತು ಅವಳು ಅತ್ತಿದ್ದು ಅದೇ ಮೊದಲು.

"ಅಳವ್ವಾ, ಅಳು," ಅಂದರು ಶರಣಮ್ಮ, ಬೆನ್ನು ಸವರುತ್ತಾ.

ಸಂಜೆ ಪಕ್ಕದ ಮನೆಗಳಿಂದ ರೊಟ್ಟಿ, ಪುಂಡಿಪಲ್ಯ ಬಂತು. ಮುದುಕಿ ಎದುರಿಗೆ ಕೂತು ಅವಳಿಗೆ ತಿನ್ನಿಸಿದರು.

ಬೆಳಿಗ್ಗೆ ಯಾದಗಿರಿ ಸ್ಟೇಷನ್‌ಗೆ ಎಲ್ಲರೂ ಹೋದೆವು. ವಿವೇಕ್ ಅವಳ ಬ್ಯಾಗ್ ಹೊತ್ತು ಸೀಟಿನವರೆಗೂ ಹೋಗಿ ಇಟ್ಟುಬಂದ. ಆ ಕೆಲಸ ಅವನಿಗೆ ಸಿಗಲಿಲ್ಲ. ಆ ವಿಷಯ ರೂನುವಿಗೆ ಹೇಳಬೇಡಿ ಅಂದಿದ್ದಾನೆ. ಅವಳು ಕನ್ನಡ ಓದುವುದಿಲ್ಲ ಅನ್ನುವ ಧೈರ್ಯದ ಮೇಲೆ ಇಲ್ಲಿ ಬರೆಯುತ್ತಿದ್ದೇನೆ.

ಊರು ತಲುಪಿದ ಮೇಲೆ ಅವಳು ಮೊದಲು ಫೋನ್ ಮಾಡಿದ್ದು ಶರಣಮ್ಮನಿಗೆ. ಇಬ್ಬರೂ ತಮ್ಮ ತಮ್ಮ ಹಿಂದಿಯಲ್ಲಿ ಏನೋ ಮಾತಾಡಿಕೊಂಡರು, ನನ್ನನ್ನು ಕರೆಯಲಿಲ್ಲ.

ಪ್ರೋಗ್ರಾಂ ಮುಗಿದು ನಾನು ತುಮಕೂರಿಗೆ ಬಂದಿದ್ದೇನೆ. ಹೆಡ್‌ಫೋನ್ ಹಾಕಿಕೊಂಡು ಒಬ್ಬಳೇ ಕೆಲಸಕ್ಕೆ ಕೂತಾಗ ಒಂದೊಂದು ಸಲ ಅದೇ ಯೋಚನೆ ಬರುತ್ತದೆ...

ಮನೆಯಿಂದ ದೂರ ಇರುವಾಗ ಅಂಥ ಫೋನ್ ಬಂದರೆ, ನಿಮ್ಮ ಪಕ್ಕ ಬಂದು ನೆಲದ ಮೇಲೆ ಕೂರುವವರು ಯಾರಿದ್ದಾರೆ?