‘ನಡೀತೈತಿ’ ಎಂಬ ಮಾತಿಗೆ ನಾನು ಸಹಿ ಹಾಕಲಿಲ್ಲ

ಲಾಕ್‌ಡೌನ್ ಮುಗಿದು ಎಲ್ಲೆಡೆ ಚಿಪ್‌ಗಳಿಗೆ ಬರ ಬಿದ್ದಿದ್ದ ಕಾಲ. ಶಂಶಾಬಾದ್ ಹೆದ್ದಾರಿ ಪಕ್ಕದ ಸಣ್ಣದೊಂದು ಕಂಪನಿಯಲ್ಲಿ ನಾನು ಡಿಸೈನ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನಾವು ಮಾಡುತ್ತಿದ್ದುದು ಸಿರಿಂಜ್ ಪಂಪ್, ಅಂದರೆ ರೋಗಿಯ ರಕ್ತನಾಳಕ್ಕೆ ಗಂಟೆಗಟ್ಟಲೆ, ಅಳತೆ ತಪ್ಪದಂತೆ ಔಷಧಿ ತಳ್ಳುವ ಯಂತ್ರ. ಹೊಸ ಮಾದರಿ ನವಜಾತ ಶಿಶುಗಳಿಗಾಗಿ. ಒಂದು ಕಿಲೋ ತೂಗುವ ಕೂಸಿನ ಮೈಯಲ್ಲಿ ಒಂದು ಹನಿಯ ಹೆಚ್ಚುಕಡಿಮೆಗೂ ಜಾಗವಿಲ್ಲ.

ಪಂಪಿನೊಳಗೆ ಇರುವುದು ಸ್ಟೆಪ್ಪರ್ ಮೋಟಾರ್. ಅದು ಫ್ಯಾನಿನಂತೆ ಗಿರ್ರನೆ ತಿರುಗುವುದಿಲ್ಲ. ಒಂದು ಸುತ್ತಿಗೆ ಇನ್ನೂರು ಹೆಜ್ಜೆ ಇಡುತ್ತದೆ. ಹೆಜ್ಜೆ ಇಡು ಎಂದು ಅಪ್ಪಣೆ ಕೊಡುವುದು ಕಂಟ್ರೋಲರ್ ಚಿಪ್. ಸಾಧಾರಣ ಚಿಪ್ ತಾನು ಕೊಟ್ಟ ಅಪ್ಪಣೆಗಳನ್ನಷ್ಟೇ ಎಣಿಸುತ್ತದೆ, ಮೋಟಾರ್ ಮುಗ್ಗರಿಸಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಮೋಟಾರ್ ಸಿಕ್ಕಿಕೊಂಡದ್ದನ್ನು ತಾವೇ ಪತ್ತೆ ಹಚ್ಚುವ ಚಿಪ್‌ಗಳೂ ಇವೆ, ಆದರೆ ತೀರ ನಿಧಾನ ವೇಗದಲ್ಲಿ ಅವನ್ನು ನಂಬಿ ಕೂಡುವಂತಿಲ್ಲ. ಹಾಗಾಗಿ ನಾನು ಆರಿಸಿದ್ದು ಎನ್‌ಕೋಡರ್ ಓದುವ ಚಿಪ್. ಎನ್‌ಕೋಡರ್ ಎಂದರೆ ಮೋಟಾರಿನ ಅಚ್ಚಿಗೆ ಕೂಡಿಸಿದ, ಅದು ನಿಜಕ್ಕೂ ಎಷ್ಟು ತಿರುಗಿತೆಂದು ಹೇಳುವ ಸಾಧನ.

ಆ ಚಿಪ್ ಕೈಸೇರಲು ನಾಲ್ಕು ತಿಂಗಳು ಬೇಕಿತ್ತು. ದೊಡ್ಡ ಆಸ್ಪತ್ರೆಯೊಂದರಲ್ಲಿ ನಮ್ಮ ಡೆಮೋ ಇದ್ದದ್ದು ಮೂರು ವಾರಕ್ಕೆ. ಖರೀದಿ ವಿಭಾಗದ ಪ್ರಹ್ಲಾದರಾಯರು ಎಲ್ಲಿಂದಲೋ ಸಾಧಾರಣ ಚಿಪ್‌ಗಳ ಒಂದು ರೀಲ್ ಹೊಂದಿಸಿ ತಂದರು. ಪರೀಕ್ಷೆ ಮಾಡಲಿ ಎಂದು ನಾನೂ ಒಪ್ಪಿದೆ.

ಪರೀಕ್ಷೆಯ ಬೆಂಚಿನಲ್ಲಿದ್ದವಳು ಶರಣವ್ವ. ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗಳು, ಐಟಿಐ ಓದಿದವಳು, ಗುತ್ತಿಗೆ ನೌಕರಿಯವಳು. ಪ್ರಹ್ಲಾದರಾಯರು ಫೋನಿನಲ್ಲಿ ಅವಳನ್ನು ಕೇಳಿದ್ದಾರೆ: “ಹೆಂಗೈತವ್ವ ಹೊಸಾ ಚಿಪ್ಪು?” ಅವಳು “ನಡೀತೈತ್ರಿ” ಅಂದಿದ್ದಾಳೆ. ಇವರು ಫಾರ್ಮಿನಲ್ಲಿ ‘ಪಾಸ್’ ಎಂದು ಬರೆದು, ಸಹಿಗೆಂದು ನನ್ನ ಮೇಜಿಗೆ ತಂದಿಟ್ಟರು.

ಅಂಕಿ ಒಂದೂ ಇಲ್ಲದ ಪಾಸ್! ನಾನು ನೆಟ್ಟಗೆ ಬೆಂಚಿಗೆ ಹೋದೆ.

“ನೀ ನಡೀತೈತಿ ಅಂದಿಯಂತಲ್ಲ?”

“ಮೋಟಾರ್ ನಡ್ಯಾಕತ್ತಿತ್ರಿ ಮೇಡಂ, ನಡೀತೈತಿ ಅಂದೆ. ಇಷ್ಟಾದ್ರ ಸಾಕು ಅಂತ ನಾ ಯಾವಾಗ ಅಂದೆ?” ಎಂದು ತನ್ನ ವಹಿ ಮುಂದೆ ತಳ್ಳಿದಳು. ಪಂಪಿನಿಂದ ಬಂದ ನೀರನ್ನು ಅವಳು ತಕ್ಕಡಿಯ ಮೇಲೆ ಹಿಡಿದು ತೂಗಿದ್ದಳು. ಪರದೆ ಐದು ಮಿಲಿಲೀಟರ್ ಹೋಯಿತು ಎಂದಾಗ ತಕ್ಕಡಿಯಲ್ಲಿದ್ದದ್ದು ನಾಲ್ಕೂವರೆ ಗ್ರಾಂ. ಸಿರಿಂಜಿನ ರಬ್ಬರ್ ಬಿಗಿ ಹಿಡಿದಾಗಲೆಲ್ಲ ಮೋಟಾರ್ ಹೆಜ್ಜೆ ತಪ್ಪಿಸಿತ್ತು, ಚಿಪ್ ಮಾತ್ರ ಎಲ್ಲ ಸರಿಯೆಂದು ಲೆಕ್ಕ ಒಪ್ಪಿಸುತ್ತ ಹೋಗಿತ್ತು. ನನಗೆ ಪಿತ್ತ ನೆತ್ತಿಗೇರಿತು.

ಡೈರೆಕ್ಟರ್ ಸಾಹೇಬರ ಕೋಣೆಯಲ್ಲಿ ಸಭೆ ಸೇರಿತು. ಪ್ರಹ್ಲಾದರಾಯರದು ಮೆತ್ತಗಿನ ದನಿ: “ಹಟಾ ಹಿಡೀಬ್ಯಾಡ್ರಿ ಬಾಯಾರ. ಡೆಮೋ ಒಂದು ಆಗಿಹೋಗ್ಲಿ. ಆಮ್ಯಾಲ ನಿಮ್ಮ ಚಿಪ್ಪ ಹಾಕೂಣಂತ.”

“ಏನ್ ಹುಡುಗಾಟ ಹಚ್ಚೀರೇನ್ರಿ? ಡೆಮೋದಾಗ ಪಾಸ್ ಆದ ಪಂಪು ನಾಳೆ ಕೂಸಿನ ಕೈಗೆ ಹಚ್ತಾರ. ನಾ ಸಹಿ ಹಾಕಂಗಿಲ್ಲ.”

ಸಾಹೇಬರಿಗೆ ಕನ್ನಡ ಬಾರದು. ಆದರೆ ‘ಇಲ್ಲ’ ಎನ್ನುವುದು ಮುಖ ನೋಡಿದರೂ ತಿಳಿಯುತ್ತದೆ. ಶರಣವ್ವನನ್ನು ಕರೆಸಿದರು. ಗುತ್ತಿಗೆಯವಳು, ಹೆದರಿ ಹ್ಞೂಂ ಅಂದುಬಿಡುತ್ತಾಳೆ ಎಂದುಕೊಂಡಿರಬೇಕು. “ಚಲ್ತಾ ಹೈ ನಾ?” ಎಂದು ಹಿಂದಿಯಲ್ಲಿ ಕೇಳಿದರು. ಆ ಭಾಷೆಯಲ್ಲೂ ಅದೇ ಪೇಚು: ಓಡುತ್ತದೆಯೇ ಎಂದೂ ಆಗುತ್ತದೆ, ಇಷ್ಟಾದರೆ ಸಾಕಲ್ಲವೇ ಎಂದೂ ಆಗುತ್ತದೆ.

ಶರಣವ್ವ ಒಂದೊಂದೇ ಮಾತು ಬಿಡಿಸಿ ಹೇಳಿದಳು: “ಘೂಮ್ತಾ ಹೈ ಸಾಬ್. ಚಲ್ತಾ ನೈ.” ತಿರುಗುತ್ತದೆ, ಆದರೆ ಸಾಗದು.

ಆ ಕೋಣೆಯಲ್ಲಿ ಅದಕ್ಕಿಂತ ಚೊಕ್ಕವಾಗಿ ಯಾವ ಎಂಜಿನಿಯರೂ ಮಾತಾಡಲಿಲ್ಲ, ನಾನೂ ಸೇರಿ. ಸಾಹೇಬರ ಮುಖ ಕೆಂಪಾಯಿತು. ಟೆಸ್ಟಿಂಗಿಗೆ ಬೇರೆ ಜನ ಸಿಗುತ್ತಾರೆ ಎಂದರು. ನಾನು ಕೊರಳಿನ ಗುರುತಿನ ಚೀಟಿ ಬಿಚ್ಚಿ ಮೇಜಿನ ಮೇಲಿಟ್ಟು, ಹಾಗಿದ್ದರೆ ಡಿಸೈನಿಗೂ ಹುಡುಕಿಕೊಳ್ಳಿ ಎಂದೆ. ಚೀಟಿಯನ್ನು ತಿರುಗಿ ತೆಗೆದುಕೊಳ್ಳಲಿಲ್ಲ.

ಡೆಮೋ ತಪ್ಪಿತು. ಶರಣವ್ವ ಉಳಿದಳು. ನನ್ನ ಚೀಟಿ ಮರುದಿನ ನನಗೇ ಬಂತು, ಹುದ್ದೆ ಮಾತ್ರ ಬರಲಿಲ್ಲ. ಡಿಸೈನಿನಿಂದ ಎತ್ತಿ ಕೈಪಿಡಿ, ಫಾರ್ಮು ಬರೆಯುವ ವಿಭಾಗಕ್ಕೆ ಒಗೆದರು. ಮೂಲೆಗೆ ತಳ್ಳಿದೆವು ಎಂದುಕೊಂಡರು, ಪಾಪ!

ಅಲ್ಲಿ ಕುಳಿತು ನಾನು ಮೊದಲು ಮಾಡಿದ ಕೆಲಸವೆಂದರೆ ಆ ಫಾರ್ಮನ್ನೇ ಬದಲಿಸಿದ್ದು. ‘ಪಾಸ್’ ಎಂಬ ಜಾಗ ಕಿತ್ತುಹಾಕಿದೆ. ಪರದೆ ಏನು ಹೇಳಿತು, ತಕ್ಕಡಿ ಏನು ಹೇಳಿತು ಎಂದು ಎರಡು ಸಾಲು ಹಾಕಿದೆ. ಅದರ ಕೆಳಗೆ ಮೊದಲ ಸಹಿ ತೂಗಿದವರದು. ಅದು ಬೀಳುವವರೆಗೆ ಮೇಲಿನವರು ಯಾರೂ ಸಹಿ ಹಾಕುವಂತಿಲ್ಲ. ಯಾರೂ ಓದದ ಕಾಗದ ಅಂತ ಸಾಹೇಬರು ನೋಡದೆಯೇ ಮಂಜೂರು ಮಾಡಿದರು.

ನಾಲ್ಕು ತಿಂಗಳ ಮೇಲೆ ಎನ್‌ಕೋಡರ್ ಓದುವ ಚಿಪ್ ಬಂತು. ಪರದೆ ಐದು ಎಂದರೆ ತಕ್ಕಡಿಯೂ ಐದು ಎಂದಿತು. ಚಿಪ್ ಆರಿಸುವುದನ್ನು ಡೇಟಾಶೀಟ್ ಓದಿ ಯಾರಾದರೂ ಕಲಿಯಬಹುದು. ತೂಗಿದವರ ಮಾತಿನ ಮೇಲೆ ದೊಡ್ಡವರು ಮಾತಾಡದಂತೆ ನೋಡಿಕೊಳ್ಳುವುದೇ ಕಷ್ಟದ ಕೆಲಸ. ನೌಕರಿ ನನಗೆ ಕಲಿಸಿದ್ದು ಅದನ್ನೇ. ಮಕ್ಕಳ ವಾರ್ಡಿಗೆ ಹೊರಟ ಮೊದಲ ಪಂಪಿನ ಫಾರ್ಮಿನಲ್ಲಿ ನನ್ನ ಸಹಿ ಎಲ್ಲೂ ಇಲ್ಲ. ಎಲ್ಲರಿಗಿಂತ ಮೇಲೆ, ಗುಂಡು ಗುಂಡು ಕನ್ನಡ ಅಕ್ಷರದಲ್ಲಿ, ಶರಣವ್ವನದಿದೆ. ಅದರ ಕೆಳಗೆ ಡೈರೆಕ್ಟರ್ ಸಾಹೇಬರದು.