ಒಂದೇ ತಾಯಿ ಹೊಟ್ಟೆಯವಳು

ನಮ್ಮ ಬೀದಿಯವರು ಅವಳನ್ನು ಕಾಜದವಳು ಎನ್ನುತ್ತಾರೆ. ಅಂಗಿಯ ಗುಂಡಿಗೆ ಕಾಜ ಹೊಲಿಯುವುದು ಅವಳ ಕೆಲಸ. ಅಂಗಿಗೆ ಏಳು ಕಾಜ, ಒಂದರಲ್ಲೂ ನೂಲು ಬಿಡುವುದಿಲ್ಲ. ಬೀದಿಗೆ ಅವಳು ನನ್ನ ತಂಗಿ. ನಿಜಕ್ಕೆ ನನ್ನ ಸವತಿ.

ನಮ್ಮ ಯಜಮಾನರು ಗಡಿಯಾಚೆಗೆ ಲಾರಿ ಓಡಿಸುತ್ತಿದ್ದರು. ಅಲ್ಲಿ ಅವಳನ್ನು ನಿಕಾಹ್ ಮಾಡಿಕೊಂಡರು. ಅಲ್ಲಿ ಎರಡನೆಯ ಮದುವೆಗೂ ಸರ್ಕಾರದ ಮೊಹರು ಬೀಳುತ್ತದೆ, ಇಲ್ಲಿ ಇಲ್ಲ. ಆರು ತಿಂಗಳು ನಾನು ಅವರೊಡನೆ ಮಾತು ಬಿಟ್ಟೆ. ಅವಳ ತಾಯಿ ಸತ್ತು ಅವಳು ಒಂಟಿಯಾದಾಗ, ಕರೆತರಲು ನಾನೇ ಹೋದೆ. ಗಡಿಯ ಕಚೇರಿಯಲ್ಲಿ “ನನ್ನ ತಂಗಿ, ಒಂದೇ ತಾಯಿ ಹೊಟ್ಟೆಯವಳು” ಎಂದು ಬರೆಸಿ ಹೆಬ್ಬೆಟ್ಟು ಒತ್ತಿದೆ. ಒಳಗೆ ಬಿಟ್ಟರು.

ಇಪ್ಪತ್ತಾರು ವರ್ಷ ಒಂದೇ ಒಲೆ. ಜಗಳವಿರಲಿಲ್ಲ ಎಂದರೆ ಸುಳ್ಳಾದೀತು.

“ನಿನ್ನ ಗೊರಕೆಗೆ ಹೆದರಿ ಅವರು ಲಾರೀಲೇ ಮಲಗ್ತಾರೆ ಕಣೇ.”

“ನಿಮ್ಮ ನಾಲಿಗೆಗೆ ಹೆದರಿ ತಾನೇ ಅಕ್ಕಾ, ಅವರು ಗಡಿ ದಾಟಿದ್ದು?”

ಯಜಮಾನರು ತೀರಿಕೊಂಡ ವಾರಕ್ಕೆ ಅವಳು ಪೆಟ್ಟಿಗೆಯ ತಳದಿಂದ ನಿಕಾಹ್ ಕಾಗದ ತೆಗೆದಳು. ಆಚೆ ಸರಿಯಾಗಿ ನಡೆದ ಮದುವೆಯನ್ನು, ಗಂಡ ಸತ್ತ ಮೇಲೆ, ಈಗ ಇಲ್ಲೂ ಒಪ್ಪುತ್ತಾರೆಂದು ಕೇಳಿದ್ದಳು. “ಒಂದೇ ಒಂದ್ಸಲ, ಅವರ ಹೆಂಡತಿ ಅಂತ ಬರೀಲಿ ಅಕ್ಕಾ. ಸಾಕು.”

ಇಬ್ಬರೂ ಕಚೇರಿಗೆ ಹೋದೆವು. ಗುಮಾಸ್ತ ಆ ಕಾಗದ ನೋಡಿದ, ಕಡತದಲ್ಲಿದ್ದ ನನ್ನ ಹಳೆಯ ಹೆಬ್ಬೆಟ್ಟನ್ನೂ ನೋಡಿದ.

“ಅಜ್ಜೀ, ಹೆಂಡತಿ ಇರುವಾಗಲೇ ಅವಳ ತಂಗೀನ ಕಟ್ಕೊಳ್ಳೋದು ನಿಮ್ಮ ಶರೀಯತ್ತಲ್ಲೇ ಹರಾಮ್. ಈ ನಿಕಾಹ್ ನಿಲ್ಲಲ್ಲ.”

“ಅಯ್ಯೋ ಸ್ವಾಮೀ, ಅದು ನಾನು ಹೇಳಿದ ಸುಳ್ಳು. ಇವಳು ನನ್ನ ತಂಗಿಯಲ್ಲ.”

“ಹಾಗಂದ್ರೆ ಇವರು ಸುಳ್ಳು ಹೇಳಿ ಒಳಗೆ ಬಂದ ಹಾಗಾಯ್ತು. ವಾಪಸ್ ಕಳಿಸ್ತಾರೆ. ತಂಗಿ ಅಂದ್ರೆ ಇಲ್ಲೇ ಇರಬಹುದು. ಯಾವುದು ಬರೀಲಿ?”

ಅವಳು ಕಾಗದದ ಮೊಹರಿನ ಮೇಲೆ ಬೆರಳಾಡಿಸಿದಳು. ನಾನು ಬಾಯಿ ತೆರೆಯಲಿಲ್ಲ. ಗಡಿಯಲ್ಲಿ ಒಮ್ಮೆ ತೆರೆದದ್ದೇ ಸಾಕಾಗಿತ್ತು.

“ಆಚೆ ನನಗೆ ಯಾರಿದಾರೆ? ತಂಗಿ ಅಂತಲೇ ಬರ್ಕೊಳ್ಳಿ.”

“ಮದುವೆ?”

“ಆಗಿಲ್ಲ.”

ಕಾಗದವನ್ನು ನಾಲ್ಕಾಗಿ ಮಡಿಸಿ ಸೆರಗಿನೊಳಗೆ ಇಟ್ಟುಕೊಂಡಳು.

ಮನೆಗೆ ಬಂದು ನನ್ನ ಪಕ್ಕದಲ್ಲೇ ಇದ್ದತ್ ಕೂತಳು. ವಿಧವೆ ತೀರಾ ಅಗತ್ಯವಿಲ್ಲದೆ ಹೊಸಿಲು ದಾಟಬಾರದ ನಾಲ್ಕು ತಿಂಗಳು ಹತ್ತು ದಿನ. ಕೇಳಿದವರಿಗೆ, ಅಕ್ಕನಿಗೆ ಜೊತೆಗಿದ್ದೇನೆ ಎನ್ನುತ್ತಿದ್ದಳು. ಅಳು ಬಂದಾಗ ಹೊಲಿಯುತ್ತಿದ್ದ ಅಂಗಿಯನ್ನೇ ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಗೋಡೆಯಾಚೆ ಕೇಳಬಾರದು. ಭಾವ ಸತ್ತರೆ ಯಾರೂ ಹಾಗೆ ಅಳುವುದಿಲ್ಲ.