ಅತ್ತಿಗೆಯ ಗುರುವಾರದ ಪಟ್ಟಿ

ಬಾಯಿಯ ಅಚ್ಚು ಬಂದ ಕೂಡಲೇ ತೊಳೆಯಬೇಕು. ಹಲ್ಲಿನ ಡಾಕ್ಟರುಗಳು ಕಳಿಸುವ ಆ ಗುಲಾಬಿ ಬಣ್ಣದ ಮೆತ್ತನೆಯ ಅಚ್ಚಿನಲ್ಲಿ ಯಾರದೋ ಎಂಜಲು, ಒಂದಿಷ್ಟು ರಕ್ತ, ಕೆಲವೊಮ್ಮೆ ಮಧ್ಯಾಹ್ನ ಉಂಡ ಅನ್ನದ ಅಗುಳು ಕೂಡ ಅಂಟಿಕೊಂಡಿರುತ್ತದೆ. ಹದಿನಾಲ್ಕು ವರ್ಷದಿಂದ ಅದನ್ನು ತೊಳೆದು ಒಳಗೆ ಪ್ಲಾಸ್ಟರ್ ಸುರಿಯುತ್ತಿದ್ದೇನೆ. ಅಭ್ಯಾಸ ಆಗಿಬಿಡುತ್ತೆ ಎಂದು ಮೊದಲ ದಿನ ಎಲ್ಲರೂ ಹೇಳಿದ್ದರು. ಆಗಿಲ್ಲ. ಈಗಲೂ ಮುಖ ಆಚೆ ತಿರುಗಿಸಿಕೊಂಡೇ ತೊಳೆಯುತ್ತೇನೆ.

ನನ್ನ ಪಕ್ಕದ ಮೇಜಿನಲ್ಲಿ ಕೂತು ಕಟ್ಟುಹಲ್ಲು ಜೋಡಿಸುವವರು ನನ್ನ ಅತ್ತಿಗೆ, ಅಣ್ಣನ ಹೆಂಡತಿ. ಐವತ್ತೆರಡು ವಯಸ್ಸು, ದಪ್ಪ ಗಾಜಿನ ಕನ್ನಡಕ, ಮೈಗೆಲ್ಲ ಮೇಣದ ವಾಸನೆ. ನನಗೆ ಈ ಕೆಲಸ ಕೊಡಿಸಿದವರೂ ಅವರೇ, ಗಂಡನ ಮನೆ ಬಿಟ್ಟು ಬಂದಾಗ ತಮ್ಮ ಮನೆಯ ಒಂದು ಕೋಣೆ ಬಿಟ್ಟುಕೊಟ್ಟವರೂ ಅವರೇ. ಇದು ಅವರ ಕಥೆ. ನಡುವೆ ನಾನು ಬರುತ್ತೇನೆ. ಬಂದಾಗ ಅಸಹ್ಯವಾಗುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ಮೇಣದ ವಸಡಿನಲ್ಲಿ ಹಲ್ಲು ಕೂರಿಸುವುದು ಸದ್ದಿಲ್ಲದ ಕೆಲಸ. ಆ ಹೊತ್ತಿನಲ್ಲಿ ಅತ್ತಿಗೆಯ ಕಿವಿಯಲ್ಲಿ ಇಯರ್‌ಫೋನ್ ಇರುತ್ತದೆ. ದೊಡ್ಡ ಕಂಪನಿಗಳ ಹಂಗಿಲ್ಲದೆ ತಾವೇ ಬರೆದು, ತಾವೇ ಬಾರಿಸಿ, ಮನೆಯ ಮೂಲೆಯಲ್ಲೋ ಕಾರ್ ಶೆಡ್ಡಿನಲ್ಲೋ ರೆಕಾರ್ಡ್ ಮಾಡಿ ಬಿಡುವ ರಾಕ್ ಬ್ಯಾಂಡುಗಳಿವೆಯಲ್ಲ, ಇಂಡೀ ಅನ್ನುತ್ತಾರೆ, ಅವರ ಹೊಸ ಹಾಡುಗಳನ್ನು ಅತ್ತಿಗೆ ಕೇಳುತ್ತಾರೆ. ವಾರಕ್ಕೆ ನಲವತ್ತು ಐವತ್ತು ಬರುತ್ತವೆ. ಅದರಲ್ಲಿ ಐದನ್ನು ಆರಿಸಿ, ಒಂದೊಂದಕ್ಕೆ ಎರಡೇ ಸಾಲು ಬರೆದು, ಆ ಬ್ಯಾಂಡ್ ನಮ್ಮೂರಲ್ಲಿ ಎಲ್ಲಿ ಯಾವತ್ತು ಬಾರಿಸುತ್ತದೆ ಎಂದು ಸೇರಿಸಿ ಗುರುವಾರ ಸಂಜೆ ಇಮೇಲಿನಲ್ಲಿ ಕಳಿಸುತ್ತಾರೆ. ನಮ್ಮ ಹಲ್ಲಿನ ಲ್ಯಾಬಿನ ನಾಲ್ಕು ಜನ ಗೆಳತಿಯರಿಗೆಂದು ಶುರುವಾದ ಪಟ್ಟಿ ಈಗ ಒಂಬೈನೂರು ಜನಕ್ಕೆ ಹೋಗುತ್ತದೆ. ಅಣ್ಣನಿಗೆ ಮಾತ್ರ ಇದರ ಗಂಧಗಾಳಿ ಇಲ್ಲ. "ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ, ನನ್ನನ್ನ ಬಿಟ್ಬಿಡಿ" ಎಂದು ಟಿವಿಯ ಸದ್ದು ಏರಿಸುತ್ತಾನೆ.

ನನಗೂ ಆ ಪ್ರಪಂಚ ಕಂಡರೆ ಮೂಗು ಮುರಿಯುವಂತೆ ಆಗುತ್ತಿತ್ತು. ಹಾಡಿನ ಜೊತೆ ಬರುವ ಪತ್ರಗಳನ್ನು ಓದಬೇಕು ನೀವು. 'ಈ ಹಾಡು ನಿಮ್ಮ ಬದುಕನ್ನೇ ಬದಲಿಸುತ್ತದೆ' ಎಂದು ಬರೆಯದವರಿಲ್ಲ. ಅಷ್ಟು ಸಲ ಬದಲಾಗಿದ್ದರೆ ನಾನು ಇನ್ನೂ ಪರರ ಎಂಜಲು ತೊಳೆಯುತ್ತಾ ಕೂತಿರುತ್ತಿರಲಿಲ್ಲ. ಷೋಗಳಿಗೂ ಅತ್ತಿಗೆಯ ಜೊತೆ ಹೋಗುತ್ತಿದ್ದೆ. ಅಮ್ಮ ಇಸ್ತ್ರಿ ಮಾಡಿಕೊಟ್ಟ ಅಂಗಿ ಹಾಕಿಕೊಂಡು ಬಂದವರು ವೇದಿಕೆ ಹತ್ತಿದ ಕೂಡಲೇ ಜಗತ್ತಿನ ದುಃಖವನ್ನೆಲ್ಲ ಗುತ್ತಿಗೆ ಹಿಡಿದವರಂತೆ ಕಣ್ಣು ಮುಚ್ಚಿ ನರಳುತ್ತಾರೆ. ನಮ್ಮೂರಲ್ಲಿ ಇಂಥದ್ದಕ್ಕೆ ಇರುವ ಮುಖ್ಯ ಜಾಗ ಒಂದು ಪೀಠೋಪಕರಣದ ಗೋದಾಮಿನ ಮಹಡಿ. ಚೆಲ್ಲಿದ ತಂಪುಪಾನೀಯ ಒಣಗಿ ಒಣಗಿ ನೆಲ ಎಷ್ಟು ಅಂಟು ಎಂದರೆ ಚಪ್ಪಲಿ ಕೀಳಲು ಬಲ ಹಾಕಬೇಕು. ಪಾಯಿಖಾನೆಗೆ ಚಿಲಕವಿಲ್ಲ, ಒಳಗಿನ ವಾಸನೆಗೆ ಚಿಲಕದ ಅಗತ್ಯವೂ ಇಲ್ಲ. ಅತ್ತಿಗೆ ಅಲ್ಲಿ ಮೂರು ಗಂಟೆ ಗೋಡೆಗೊರಗಿ ನಿಂತು ಕೊನೆಯ ಹಾಡು ಮುಗಿಯುವ ತನಕ ಕೇಳುತ್ತಿದ್ದರು. ಪಟ್ಟಿಯಲ್ಲಿ ಹಾಕಿದ ಮೇಲೆ ಅರ್ಧಕ್ಕೆ ಎದ್ದು ಹೋಗಬಾರದು ಅನ್ನುವುದು ಅವರ ನಿಯಮ.

ಇನ್ನೊಂದು ನಿಯಮವೂ ಇತ್ತು, ಅದು ನಮ್ಮ ಕೆಲಸದಿಂದಲೇ ಬಂದದ್ದು. ಲ್ಯಾಬಿಗೆ ಅಚ್ಚು ಬರುವಾಗ ರೋಗಿಯ ಹೆಸರಿರುವುದಿಲ್ಲ, ಟ್ರೇ ಮೇಲೆ ನಂಬರ್ ಮಾತ್ರ. "ಬಾಯಿ ಯಾರ್ದು ಅಂತ ಗೊತ್ತಾದ್ರೆ ಕೈ ಮುಲಾಜಿಗೆ ಬೀಳುತ್ತೆ ಕಣೇ" ಅನ್ನುತ್ತಿದ್ದರು. ಹಾಡುಗಳಿಗೂ ಹಾಗೇ. ಬಂದ ಹಾಡುಗಳ ಹೆಸರು ಕಿತ್ತು, ನಂಬರ್ ಹಾಕಿ, ಅವರ ಹಳೆಯ ಪ್ಲೇಯರಿಗೆ ತುಂಬುವವಳು ನಾನು. ಯಾವ ನಂಬರ್ ಯಾರದು ಎಂಬ ಚೀಟಿ ನನ್ನ ಡ್ರಾಯರಿನಲ್ಲಿ. ಅವರು ಕಮ್ಮಿಯೆಂದರೂ ಮೂರು ಸಲ ಕೇಳಿ, ನೋಟ್‌ಬುಕ್ಕಿನಲ್ಲಿ ನಂಬರಿನ ಮುಂದೆ ಬರೆದು ನನಗೆ ಕೊಡುವರು. ನಾನು ನಂಬರ್ ತೆಗೆದು ಹೆಸರು ಕೂರಿಸಿ, ಟೈಪ್ ಮಾಡಿ ಕಳಿಸುವೆ. ಬರೆದು ಕೊಟ್ಟದ್ದನ್ನು ಅವರು ತಿರುಗಿ ನೋಡುತ್ತಿರಲಿಲ್ಲ. ಆರು ವರ್ಷ ಹೀಗೇ ನಡೆಯಿತು, ಒಂದು ಚೀಟಿಯೂ ಆಚೀಚೆ ಆಗಲಿಲ್ಲ.

ಈಗ ನನ್ನ ಭಾಗ. ಗೋದಾಮಿನ ಮಾಲೀಕನ ಮಗನಿಗೆ ಒಂದು ಬ್ಯಾಂಡ್ ಇತ್ತು. ಒಂದು ಶನಿವಾರ ಷೋ ಶುರುವಾಗುವ ಮೊದಲು ಅವನು ಬಂದು ನನ್ನೊಬ್ಬಳಿಗೇ ಕುರ್ಚಿ ಹಾಕಿದ. "ಪಟ್ಟಿ ನಿಜವಾಗ್ಲೂ ನಡೆಸೋದು ನೀವೇ ಅಂತ ನಮಗೆಲ್ಲ ಗೊತ್ತು ಮೇಡಂ. ಅವರದು ಬರೀ ಹೆಸರು. ಕಿವಿ ನಿಮ್ಮದು" ಎಂದ. ನಾನು ಇಲ್ಲ ಅನ್ನಲಿಲ್ಲ. ಹಾಗೇನೂ ಇಲ್ಲಪ್ಪಾ ಎಂದು ನಕ್ಕೆ, ಕುರ್ಚಿಯಲ್ಲಿ ಕೂತೆ. ಮುಂದಿನ ವಾರವೂ ಕೂತೆ, ಅದರ ಮುಂದಿನ ವಾರವೂ. ನಲವತ್ತು ವರ್ಷದಲ್ಲಿ ಯಾರೂ ನನ್ನನ್ನು ಅಷ್ಟು ಅಟ್ಟಕ್ಕೇರಿಸಿರಲಿಲ್ಲ, ಏರಿ ಕೂತವಳಿಗೆ ಇಳಿಯುವ ಮನಸ್ಸಾಗಲಿಲ್ಲ.

ಮೂರನೇ ವಾರ ಅವನ ಹಾಡು ಬಂತು. ಒಂಬತ್ತು ಎಂದು ನಂಬರ್ ಹಾಕಿದೆ. ಬುಧವಾರ ಅತ್ತಿಗೆಯ ನೋಟ್‌ಬುಕ್ ತೆರೆದರೆ ಒಂಬತ್ತರ ಮುಂದೆ ಒಂದೇ ಅಕ್ಷರ: 'ಥೂ'. ಅಂಥದ್ದನ್ನು ಅವರು ಬರೆದದ್ದು ಅದೇ ಮೊದಲು. ನಾಲ್ಕರ ಮುಂದೆ ಹೀಗಿತ್ತು: 'ಏಳು ಸಲ ಕೇಳಿದೆ. ಈ ಹೆಂಗಸು ಹಾಡುತ್ತಿಲ್ಲ, ಪಾತ್ರೆ ತೊಳೆಯುತ್ತಾ ಯಾರನ್ನೋ ಬೈಯುತ್ತಿದ್ದಾಳೆ. ಡ್ರಮ್ಮು ಕೂದಲೆಳೆಯಷ್ಟು ತಡವಾಗಿ ಬರುತ್ತದೆ, ಅದೇ ಚಂದ.' ಏಳು ಸಲ ಕೇಳಿದ್ದೂ ಅದೇ ಮೊದಲು.

ಅವತ್ತೇ ಸಂಜೆ ಗೋದಾಮಿನ ಮಗನ ಫೋನ್ ಬಂತು. "ಈ ಶನಿವಾರ ನಮ್ಮದೇ ಷೋ ಮೇಡಂ. ಪಟ್ಟೀಲಿ ಬರುತ್ತಲ್ವಾ?"

ಕಿವಿ ನನ್ನದು ಎಂದು ಒಪ್ಪಿಕೊಂಡು ಕೂತವಳು, ಇಲ್ಲ, ಅತ್ತಿಗೆ ಬೇಡ ಅಂದರು ಎಂದು ಹೇಗೆ ಹೇಳುವುದು? "ಬರುತ್ತೆ" ಎಂದೆ.

ಇರುವುದು ಐದು ಜಾಗ. ಒಬ್ಬರನ್ನು ತೆಗೆಯಬೇಕು. ಮಿಕ್ಕ ನಾಲ್ಕು ಬ್ಯಾಂಡಿನವರು ಷೋಗಳಲ್ಲಿ ಎದುರಾಗುವವರು, ಮುಖ ಪರಿಚಯ. ನಾಲ್ಕನೇ ನಂಬರಿನವರನ್ನು ಯಾರೂ ಕಂಡಿರಲಿಲ್ಲ, ಅವರನ್ನು ತೆಗೆದರೆ ಕೇಳುವವರಿರಲಿಲ್ಲ. ಅವರ ಹೆಸರು ತೆಗೆದು ಆ ಜಾಗದಲ್ಲಿ ಅವನ ಬ್ಯಾಂಡಿನ ಹೆಸರು ಕೂರಿಸಿದೆ. ಹೆಂಗಸು ಇದ್ದ ಕಡೆ ಹುಡುಗ ಎಂದು ತಿದ್ದಿದೆ. ಗುರುವಾರ ಪಟ್ಟಿ ಹೋಯಿತು. ಶುಕ್ರವಾರ ಹಾಡು ಕೇಳಿದ ಹನ್ನೊಂದು ಜನ, ನಿಮ್ಮ ಕಿವಿಗೆ ಏನಾಯಿತು ಎಂದು ಬರೆದರು. ಹನ್ನೊಂದನ್ನೂ ಅಳಿಸಿದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದೆಂದರೆ ಹೀಗೇ.

ಶನಿವಾರ ಅತ್ತಿಗೆ ಬೇಗ ಕೆಲಸ ಮುಗಿಸಿ ಉಗುರಿನ ಮೇಣ ಕೆರೆದುಕೊಂಡು, ಒಗೆದ ಸೀರೆ ಉಟ್ಟು ಹೊರಟರು. ನಾಲ್ಕನೇ ನಂಬರಿನವರ ಷೋ ಗೋದಾಮಿನಲ್ಲೇ ಎಂದು ನಾನೇ ಹೇಳಿದ್ದೆ. ದಾರಿಯುದ್ದಕ್ಕೂ ಸಂಭ್ರಮ. "ಆ ಡ್ರಮ್ಮಿನವಳೋ ಅವನೋ, ಹೇಗೆ ಬಾರಿಸ್ತಾರೆ ಅಂತ ಕಣ್ಣಾರೆ ನೋಡ್ಬೇಕು" ಅನ್ನುತ್ತಿದ್ದರು. ನನಗೆ ಹೊಟ್ಟೆನೋವು ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಹೋಗದಿದ್ದರೆ ಸಂಶಯ ಬಂದೀತೆಂದು ಹೋದೆ.

ಮಹಡಿ ತುಂಬಿತ್ತು. ಅತ್ತಿಗೆಯ ಮಾತು ನಂಬಿ ಬಂದವರು ಎಪ್ಪತ್ತು ಜನಕ್ಕೆ ಕಮ್ಮಿಯಿಲ್ಲ. ಗೋದಾಮಿನ ಮಗ ಬೇಕೆಂದೇ ಹರಿದುಕೊಂಡ ಪ್ಯಾಂಟಿನಲ್ಲಿ ಬಂದು ನನ್ನ ಕಡೆ ತಲೆಬಾಗಿ ಶುರು ಮಾಡಿದ. ಗಿಟಾರ್ ನಾಲ್ಕು ಏಟು ಬಿದ್ದಿರಬಹುದು, ಪಕ್ಕದಲ್ಲಿ ಅತ್ತಿಗೆ ನನ್ನ ಕಡೆ ತಿರುಗದೆಯೇ ಅಂದರು: "ಇದು ಒಂಬತ್ತು."

"ಚೀಟಿ ಎಲ್ಲೋ ಅದಲುಬದಲು ಆಗಿರ್ಬೇಕು ಅತ್ತಿಗೆ. ನಾನು ಬೇಕೂಂತ ಏನೂ..."

"ಬೇಕೂಂತ ಮಾಡ್ದೆ ಅಂತ ನಾನೆಲ್ಲಿ ಅಂದೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಆಯಿತು. ಜನ ಒಬ್ಬೊಬ್ಬರೇ ಅವರ ಮುಂದೆಯೇ ಎದ್ದು ಹೋದರು, ಹೋಗುವಾಗ ಅವರ ಮುಖ ನೋಡಿಕೊಂಡು ಹೋದರು. ಅತ್ತಿಗೆ ಆ ಅಂಟು ನೆಲದ ಮೇಲೆ ಕೊನೆಯ ಹಾಡಿನ ತನಕ ನಿಂತೇ ಇದ್ದರು. ನನಗೆ ಹಾಕಿದ್ದ ಕುರ್ಚಿ ಖಾಲಿಯಿತ್ತು. ಮೆಟ್ಟಿಲು ಇಳಿಯುವಾಗ ಕೇಳಿದರು: "ನಾಲ್ಕು ಯಾರು?"

ಹೇಳಿದೆ. ಪರದೆ ಹೊಲಿಯುವ ಅಕ್ಕತಂಗಿ, ಅಕ್ಕ ಹಾಡುವವಳು, ತಂಗಿ ಡ್ರಮ್ಮು.

"ಅವರ ಷೋ ಯಾವಾಗ?"

"ಇವತ್ತೇ ಇತ್ತು. ಚದುರಂಗದ ಕ್ಲಬ್ಬಿನ ಹಿಂದಿನ ಕೋಣೇಲಿ. ಮುಗಿದಿರುತ್ತೆ."

ಅತ್ತಿಗೆ ಕೈಕಂಬಿ ಹಿಡಿದು ಮೆಟ್ಟಿಲ ಮೇಲೆ ಕೂತುಬಿಟ್ಟರು. ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ನನ್ನನ್ನು ನೋಡಿದರು, ಲ್ಯಾಬಿನಲ್ಲಿ ತೊಳೆಯದ ಅಚ್ಚು ನೋಡುವಾಗಲೂ ಅವರ ಮುಖ ಹಾಗೆ ಸಿಂಡರಿಸಿದ್ದು ನಾನು ಕಂಡಿರಲಿಲ್ಲ. ಮನೆಗೆ ಬಂದು ಎರಡು ಸಲ ಮುಖ ತೊಳೆದೆ.

ಭಾನುವಾರ ಬೆಳಿಗ್ಗೆ ಇಬ್ಬರೂ ಪರದೆ ಅಂಗಡಿ ಹುಡುಕಿಕೊಂಡು ಹೋದೆವು. ಸಣ್ಣ ಅಂಗಡಿ. ಅಕ್ಕ ಮೇಜಿನ ಮೇಲೆ ಬಟ್ಟೆ ಹರಡಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು, ಮೂವತ್ತೈದರ ಆಸುಪಾಸು. ತಂಗಿ ಮೂಲೆಯಲ್ಲಿ ಮಿಷನ್ ತುಳಿಯುತ್ತಿದ್ದಳು. ಅತ್ತಿಗೆ ತಾವು ಯಾರೆಂದು ಹೇಳಿದ ಕೂಡಲೇ ಇಬ್ಬರೂ ಎದ್ದು ನಿಂತರು.

"ಷೋ ಹೇಗಾಯ್ತು?" ಎಂದರು ಅತ್ತಿಗೆ.

"ನಾಲ್ಕು ಜನ ಬಂದಿದ್ರು. ಒಬ್ರು ಕ್ಲಬ್ಬಿನ ಕಾವಲುಗಾರ" ಎಂದು ಅಕ್ಕ ನಕ್ಕಳು. "ಪರವಾಗಿಲ್ಲ. ಬಂದು ಕೇಳ್ತಿದೀರಲ್ಲ, ಅದೇ ದೊಡ್ಡದು. ಹಾಡನ್ನ ರಾತ್ರೀನೇ ಇಂಟರ್‌ನೆಟ್ಟಿಂದ ತೆಗೆದುಹಾಕಿದ್ವಿ. ಡ್ರಮ್ ಸೆಟ್ಟೂ ಕೇಳಿದವರಿಗೆ ಕೊಟ್ಬಿಡೋಣ ಅಂತಿದೀವಿ, ಮನೇಲಿ ಜಾಗ ಇಲ್ಲ."

"ಯಾಕಮ್ಮಾ ತೆಗೆದ್ರಿ?"

"ಗುರುವಾರ ಪಟ್ಟೀಲಿ ಬರ್ಲಿಲ್ವಲ್ಲ."

ಅತ್ತಿಗೆ ನೋಟ್‌ಬುಕ್ ತೆಗೆದು ಮುಂದೆ ಹಿಡಿದರು. "ನೋಡಮ್ಮಾ, ಏಳು ಸಲ ಕೇಳಿದೀನಿ. ನಿಮ್ದೇ ಮೊದಲನೇದು ಆಗ್ಬೇಕಿತ್ತು. ನಮ್ಮ ಕಡೆ ತಪ್ಪಾಗಿ ಹೆಸರು ಬಿಟ್ಟುಹೋಯ್ತು."

ಅವಳು ನೋಟ್‌ಬುಕ್ ಮುಟ್ಟಲಿಲ್ಲ. ತಲೆ ಅಲ್ಲಾಡಿಸಿದಳು. "ಬೇಡ ಅಕ್ಕಾ. ಸಮಾಧಾನಕ್ಕೆ ಹೇಳ್ಬೇಡಿ. ನೀವು ಯಾರಿಗೂ ಸಮಾಧಾನಕ್ಕೆ ಒಂದು ಮಾತೂ ಹೇಳಲ್ಲ ಅಂತಾನೇ ನಿಮಗೆ ಕಳಿಸಿದ್ದು. ಐದು ವರ್ಷದಿಂದ ನಿಮ್ಮ ಪಟ್ಟಿ ಓದ್ತೀವಿ. ನೀವು ಬಿಟ್ರಿ ಅಂದ್ಮೇಲೆ ಹಾಡಲ್ಲೇ ಏನೋ ಇಲ್ಲ."

ಅತ್ತಿಗೆ ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಹೇಳಿದಷ್ಟೂ ಅವಳ ಮುಖದಲ್ಲಿ, ಪಾಪ, ಇಷ್ಟು ದೂರ ಬಂದು ಸುಳ್ಳು ಹೇಳಬೇಕಾಯಿತಲ್ಲ ಎಂಬ ಮರುಕ ಹೆಚ್ಚಾಯಿತು. ಆರು ವರ್ಷ ಮುಲಾಜಿಲ್ಲದೆ ಕಟ್ಟಿದ ಮಾತು ಅವತ್ತು ಆ ಮೇಜಿನ ಮೇಲೆ ಅತ್ತಿಗೆಯ ಉಪಯೋಗಕ್ಕೇ ಬರಲಿಲ್ಲ. ಅವರು ನೋಟ್‌ಬುಕ್ ಮುಚ್ಚಿ ನನ್ನ ಕಡೆ ನೋಡಿದರು.

ಹೇಳಿದೆ. ಕುರ್ಚಿ, ಫೋನು, ಹೆಸರು ಬದಲಿಸಿದ್ದು, ಹೆಂಗಸನ್ನು ಹುಡುಗ ಎಂದು ತಿದ್ದಿದ್ದು, ಹನ್ನೊಂದು ಪತ್ರ ಅಳಿಸಿದ್ದು, ಎಲ್ಲ. ಬಾಯಲ್ಲಿ ಒಂದೊಂದು ಮಾತೂ ಯಾರದೋ ಎಂಜಲಿನಂತೆ ಇತ್ತು. ಮೂಲೆಯಲ್ಲಿ ತಂಗಿ ಅಳತೆಯ ಟೇಪನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು.

ಅಕ್ಕ ಸೀಮೆಸುಣ್ಣ ಕೆಳಗಿಟ್ಟಳು. "ನಮ್ಮದನ್ನೇ ಯಾಕೆ ತೆಗೆದ್ರಿ?"

"ನಿಮ್ಮನ್ನ ಕೇಳೋರು ಯಾರೂ ಇರ್ಲಿಲ್ಲ."

"ಹಾಡು ಚೆನ್ನಾಗಿಲ್ಲ ಅನ್ನಿಸ್ತಾ ನಿಮಗೆ? ನಿಜ ಹೇಳಿ."

ಅವರ ಹಾಡು ಬಂದ ದಿನ ಫೈಲು ತೆರೆಯುತ್ತದೋ ಇಲ್ಲವೋ ಎಂದು ಹತ್ತು ಸೆಕೆಂಡು ನೋಡಿ, ನಂಬರ್ ಹಾಕಿ ಮುಚ್ಚಿದ್ದೆ. ಆರು ವರ್ಷದಲ್ಲಿ ಬಂದ ಅಷ್ಟೂ ಹಾಡಿಗೂ ಅದನ್ನೇ ಮಾಡಿದ್ದೆ. ಕಿವಿ ನಿಮ್ಮದು ಎಂದು ಅವನು ಅಂದಾಗ ಉಬ್ಬಿಹೋದವಳು ಅಲ್ಲಿಯ ತನಕ ಪಟ್ಟಿಗೆಂದು ಬಂದ ಒಂದು ಹಾಡನ್ನೂ ಪೂರ್ತಿ ಕೇಳಿರಲಿಲ್ಲ.

"ನಾನು ಕೇಳೇ ಇರ್ಲಿಲ್ಲ" ಎಂದೆ.

ಅತ್ತಿಗೆಗೂ ಅದು ಗೊತ್ತಿರಲಿಲ್ಲ. ಅವರು ತಟ್ಟನೆ ನನ್ನ ಕಡೆ ತಿರುಗಿದ್ದು ಕಾಣಿಸಿತು, ನಾನು ಅವರ ಕಣ್ಣು ತಪ್ಪಿಸಿದೆ. ಪರದೆಯವಳು ಸೀಮೆಸುಣ್ಣ ಎತ್ತಿಕೊಂಡು, ನಿಲ್ಲಿಸಿದ್ದ ಗೆರೆಯನ್ನು ಮತ್ತೆ ಎಳೆಯಲು ಬಗ್ಗಿದಳು.

"ಕೇಳಿ ಉಗಿದಿದ್ರೂ ಬೇಜಾರಿರ್ಲಿಲ್ಲ" ಎಂದಳು.